ಓರಗಿತ್ತಿಯರ ಓವನ್

“ಎಡಕ್ಕೆ ತಿರುಗಿಸಿ. ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!”

ಪೆಟ್ಟಿಗೆಯ ಮುಂದಿನ ತುದಿ ಅಡುಗೆಮನೆಯೊಳಕ್ಕೆ ಬಂದಿತ್ತು, ಹಿಂದಿನ ತುದಿ ಇನ್ನೂ ಮಲಗುವ ಕೋಣೆಯಲ್ಲೇ ಇತ್ತು. ನಡುವೆ, ಗೋಡೆಗೆ ಬೆನ್ನು ಕೊಟ್ಟು, ಅರ್ಧ ದಾರಿಗೆ ಅಡ್ಡಲಾಗಿ ಓವನ್ ನಿಂತಿತ್ತು. ಹೊತ್ತವರಲ್ಲಿ ಮುಂದಿದ್ದವನ ಮೊಣಕೈ ಅದರ ಮೂಲೆಗೆ ಬಡಿದು, ಅವನು ಹಲ್ಲು ಕಚ್ಚಿ ಉಸಿರೆಳೆದುಕೊಂಡ.

“ಈ ಪೆಟ್ಟಿಗೇನ ಸ್ವಲ್ಪ ಆಚೆ ಜರುಗಿಸೋಕಾಗಲ್ವಾ?”

“ಯಾವ ಪೆಟ್ಟಿಗೆ?”

“ಈ ಓವನ್ನು ರೀ.”

“ಅದು ಜರುಗೋ ಹಾಗಿದ್ದಿದ್ರೆ ಈ ಮನೇಲಿ ಇಷ್ಟು ವರ್ಷ ಜಗಳ ಯಾಕಿರ್ತಿತ್ತು?” ಎಂದರು ಹಿಂದೆ ನಿಂತಿದ್ದ ಪ್ಲಂಬರ್. ಪೆಟ್ಟಿಗೆಯೊಳಗಿದ್ದವಳು ಅವರ ಹೆಂಡತಿ. ಮಾತು ಬಾಯಿಂದ ಬಿದ್ದ ಮೇಲೆ ಅದು ಈ ಹೊತ್ತಿಗೆ ಆಡುವ ಮಾತಲ್ಲವೆಂದು ಹೊಳೆದು ಅವರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಗುಂಪಿನಲ್ಲಿ ಯಾರೋ ಬಂದ ನಗುವನ್ನು ಕೆಮ್ಮಿ ಮುಗಿಸಿದರು.

ಎರಡು ಅಡುಗೆಮನೆಗಳ ನಡುವಿನ ಬಾಗಿಲಲ್ಲಿ ಕಿರಿಸೊಸೆ ನಿಂತಿದ್ದಳು. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ತಲೆಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಆದರೂ ಬೀದಿಯವರಿಗೆ ಇವಳು ಕಿರಿಸೊಸೆಯೇ, ಪೆಟ್ಟಿಗೆಯಲ್ಲಿ ಮಲಗಿದ್ದ ಓರಗಿತ್ತಿ ಹಿರಿಸೊಸೆಯೇ. ಕಿರಿಸೊಸೆಯ ಕಾಲು ಹೊಸ್ತಿಲ ಈಚೆಗಿತ್ತು, ಇಣುಕಿದ ತಲೆ ಆಚೆಗಿತ್ತು.

“ಒಳಗೆ ಹೋಗೆ,” ಎಂದು ಬೆನ್ನ ಹಿಂದೆ ಗಂಡ ಪಿಸುಗುಟ್ಟಿದ. “ಮುಖ ನೋಡು. ಜನ ನೋಡ್ತಿದಾರೆ.”

“ಜನ ನನ್ನ ನೋಡೋಕೆ ಬಂದಿದಾರಾ?”

“ನಿನ್ನ ನೋಡೋಕೇ ಬಂದಿರೋದು. ಅಳ್ತೀಯೋ ಇಲ್ವೋ ಅಂತ.”

ಅದು ಸುಳ್ಳಲ್ಲ. ಒಲೆಯ ಪಕ್ಕ ಗೋಡೆಗೊರಗಿದ್ದ ಬೀದಿಯ ಟೈಲರಮ್ಮನ ಕಣ್ಣು ಪೆಟ್ಟಿಗೆಯ ಮೇಲಿರದೆ ಇವಳ ಮೇಲೇ ಇತ್ತು. ಒಂದೇ ಸೂರು, ಒಂದೇ ಓವನ್, ಇಪ್ಪತ್ತೆಂಟು ವರ್ಷದಿಂದ ಒಂದು ಮಾತಿಲ್ಲ. ಇಂಥ ಓರಗಿತ್ತಿಯರಲ್ಲಿ ಒಬ್ಬಳು ಸತ್ತರೆ ಇನ್ನೊಬ್ಬಳ ಮುಖ ಹೇಗಿರುತ್ತದೆಂದು ಟೈಲರಮ್ಮನಿಗೆ ತಿಳಿಯಬೇಕಿತ್ತು. ಅಳತೆ ತೆಗೆಯುವುದು ಅವಳ ಕಸುಬು.

ಕಿರಿಸೊಸೆ ಎರಡು ಹೆಜ್ಜೆ ಮುಂದೆ ಬಂದಳು. ಹೊತ್ತವರು ಒಂದು ನಿಮಿಷ ಪೆಟ್ಟಿಗೆಯನ್ನು ಓವನ್ನಿನ ಮೇಲೆಯೇ ಊರಿ ಉಸಿರು ಬಿಟ್ಟರು. ಮುಚ್ಚಳ ಇನ್ನೂ ಹಾಕಿರಲಿಲ್ಲ. ಅಕ್ಕನ ಮುಖ ಲಾಂಡ್ರಿಯಿಂದ ಬಂದು ಕೂತ ಸಂಜೆಗಳಲ್ಲಿ ಇರುತ್ತಿದ್ದ ಹಾಗೇ ಇತ್ತು, ಸ್ವಲ್ಪ ಮುನಿಸು, ಸ್ವಲ್ಪ ನಿದ್ದೆ. ಮಾತು ಬಿಟ್ಟ ಮೇಲೂ ಇವಳು ಮನಸ್ಸಿನೊಳಗೆ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಬೇರೆ ಹೆಸರು ಹುಡುಕುವಷ್ಟು ಪುರುಸೊತ್ತು ಸಿಕ್ಕಿರಲಿಲ್ಲ. ಎದೆಯ ಮೇಲೆ ಜೋಡಿಸಿದ್ದ ಬಲಗೈಯಲ್ಲಿ ಮಣಿಕಟ್ಟಿನಿಂದ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ಓವನ್ನಿನ ಒಳಗಿನ ಜಾಲರಿ ತಗುಲಿದ ಹಳೆಯ ಸುಟ್ಟ ಗಾಯಗಳು. ಕಿರಿಸೊಸೆ ತನ್ನ ರವಿಕೆಯ ತೋಳನ್ನು ಸ್ವಲ್ಪ ಕೆಳಕ್ಕೆಳೆದುಕೊಂಡಳು.

ಅವಳಿಗೆ ಅಳು ಬರಲಿಲ್ಲ.

“ನೋಡಿದ್ಯಾ,” ಎಂದಳು ಟೈಲರಮ್ಮ, ಪಕ್ಕದವಳ ಕಿವಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. “ಮೀನಿನ ಕಣ್ಣು. ತೇವಾನೇ ಇಲ್ಲ.”

ಪೆಟ್ಟಿಗೆ ಮತ್ತೆ ಮೇಲೆದ್ದಿತು. ಹೊರಗೆ ಗಾಡಿ ಕಾಯುತ್ತಿತ್ತು.

“ಇವತ್ತು ಅಣ್ಣ ಮೆತ್ತಗಾಗಿದಾನೆ,” ಎಂದ ಗಂಡ, ಅವಳ ಜೊತೆ ಹೆಜ್ಜೆ ಹಾಕುತ್ತ. “ಸಂಜೆ ಕೇಳಿಬಿಡೋಣ. ಓವನ್ ನಮ್ಮ ಕಡೆಗೆ ಬಂದ್ರೆ ನಿಂಗೂ ಸಮಾಧಾನ. ಇಷ್ಟು ವರ್ಷ ಹೋರಾಡಿದೀಯ.”

“ಈಗಲೇ ಮಾತಾಡ್ಬೇಕಾ ಅದನ್ನ?”

“ಈಗಲ್ಲಪ್ಪ. ಸಂಜೆ ಅಂದೆ.”

*

ಓವನ್ ತಂದವಳು ಅತ್ತೆ. ಯಾವುದೋ ದೊಡ್ಡ ಮನೆಯವರು ಊರು ಬಿಟ್ಟಾಗ ಬಿಟ್ಟುಹೋದದ್ದು. ಬೀರುವಿನಷ್ಟು ಅಗಲ, ದಪ್ಪ ಕಬ್ಬಿಣದ ಬಾಗಿಲು, ಒಳಗೆ ಎರಡು ಸಾಲು ಗ್ಯಾಸಿನ ಉರಿ. ನಾಬಿನ ಮೇಲಿನ ಅಂಕಿಗಳು ಬರುವಾಗಲೇ ಅಳಿಸಿಹೋಗಿದ್ದವು. ಬಾಗಿಲ ಗಾಜು ಕಪ್ಪುಗಟ್ಟಿ ಒಳಗೇನಿದೆಯೆಂದು ಕಾಣುತ್ತಿರಲಿಲ್ಲ, ದೀಪವೂ ಸತ್ತಿತ್ತು. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಅಂಗೈಯನ್ನು ಒಳಗಿಟ್ಟು ನೋಡಿ, “ಇದು ಕೋಳಿಗೆ,” “ಇದು ಮೀನಿಗೆ,” ಎಂದು ಕಾವಿಗೆ ಹೆಸರಿಡುತ್ತಿದ್ದಳು.

ಗಂಡುಮಕ್ಕಳಿಬ್ಬರೂ ಬೇರೆಯಾದಾಗ ಮನೆಯ ನಡುವೆ ಗೋಡೆ ಬಂತು. ಮುಂದಿನ ಭಾಗ ದೊಡ್ಡವನಿಗೆ, ಹಿಂದಿನದು ಚಿಕ್ಕವನಿಗೆ. ಪಾತ್ರೆ ಪಾಲಾಯಿತು, ಮಂಚ ಪಾಲಾಯಿತು. ಓವನ್ ಮಾತ್ರ ದೊಡ್ಡವನ ಅಡುಗೆಮನೆಯಲ್ಲೇ ಉಳಿಯಿತು, ಏಕೆಂದರೆ ಗ್ಯಾಸಿನ ಪೈಪು ಅಲ್ಲಿತ್ತು. ಅದಕ್ಕೆಂದೇ ಗೋಡೆಯಲ್ಲೊಂದು ಬಾಗಿಲು ಬಿಡಿಸಿ ಅತ್ತೆ ಹೇಳಿದಳು: “ಓವನ್ ಇಬ್ಬರಿಗೂ. ಗ್ಯಾಸ್ ಸುಮ್ಮನೆ ಉರೀಬಾರ್ದು. ಒಬ್ಬರು ಇಟ್ಟಿದ್ದನ್ನ ಇನ್ನೊಬ್ಬರು ಬಾಗಿಲು ತೆಗೆದು ನೋಡಬಾರ್ದು, ಕಾವು ಹೋಗುತ್ತೆ.”

ಹಿರಿಸೊಸೆ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ವಾರವೆಲ್ಲ ಬಿಸಿ ಹಬೆಯಲ್ಲಿ ನಿಂತವಳು ಭಾನುವಾರವೂ ಓವನ್ನಿನ ಮುಂದೆ ನಿಲ್ಲುತ್ತಿದ್ದಳು. ಕುರಿಯ ತೊಡೆ, ಇಡೀ ಕೋಳಿ, ಬಾತುಕೋಳಿ ಸಿಕ್ಕರೆ ಬಾತುಕೋಳಿ. ಕಿರಿಸೊಸೆ ಕೋಲ್ಡ್ ಸ್ಟೋರೇಜಿನಲ್ಲಿ ಮೀನನ್ನು ಐಸಿನಲ್ಲಿ ಜೋಡಿಸುತ್ತಿದ್ದಳು. ಕೈಬೆರಳು ಸದಾ ಮರಗಟ್ಟಿರುತ್ತಿದ್ದವು, ಮೂಗು ಸದಾ ಕಟ್ಟಿರುತ್ತಿತ್ತು. “ಒಬ್ಬಳ ಕೈ ಹಿಡಿದ್ರೆ ಬೊಬ್ಬೆ ಬರುತ್ತೆ, ಇನ್ನೊಬ್ಬಳ ಕೈ ಹಿಡಿದ್ರೆ ನೆಗಡಿ ಬರುತ್ತೆ,” ಎಂದು ಅಣ್ಣತಮ್ಮಂದಿರು ತಮಾಷೆ ಮಾಡುತ್ತಿದ್ದರು.

ಆ ವರ್ಷ ಲಾಂಡ್ರಿಯ ಇಸ್ತ್ರಿ ವಿಭಾಗಕ್ಕೆ ಸೂಪರ್‌ವೈಸರ್ ಬೇಕಾಗಿತ್ತು. ಹಿರಿಸೊಸೆ ಲಾಂಡ್ರಿಯ ಮಾಲೀಕರನ್ನೂ ಅವರ ಹೆಂಡತಿಯನ್ನೂ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಳು. ಬೆಳಿಗ್ಗೆಯೇ ಒಂದು ದೊಡ್ಡ ತೊಡೆಯನ್ನು ಸಣ್ಣ ಉರಿಯಲ್ಲಿ ಓವನ್ನಿಗೆ ಇಟ್ಟು, ಅದು ಬೇಯುವಷ್ಟರಲ್ಲಿ ಬಂದುಬಿಡೋಣವೆಂದು ಹಣ್ಣು ತರಲು ಪೇಟೆಗೆ ಹೋದಳು.

ಕಿರಿಸೊಸೆ ಆ ದಿನ ಬೆಳಗಿನ ಪಾಳಿ ಮುಗಿಸಿ ಬಂದಳು. ಮನೆಯಲ್ಲಿ ಯಾರೂ ಇಲ್ಲ. ಅಡುಗೆಮನೆಯ ಕಿಟಕಿ ಹಾರುಹೊಡೆದಿದೆ. ಓವನ್ನಿನ ನಾಬ್ ತಿರುಗಿದೆ. ಬೇರೆ ಯಾರಿಗಾದರೂ ವಾಸನೆಯೇ ಹೇಳುತ್ತಿತ್ತು, ಇವಳ ಮೂಗಿಗೆ ಏನೂ ಹೇಳಲಿಲ್ಲ. ಅಕ್ಕ ನಿನ್ನೆ ರಾತ್ರಿ ಆರಿಸುವುದನ್ನು ಮರೆತಿದ್ದಾಳೆ ಎಂದುಕೊಂಡಳು. ಬಾಗಿಲು ತೆಗೆದು ನೋಡಲಿಲ್ಲ, ನೋಡಬಾರದು. ಗ್ಯಾಸ್ ಸುಮ್ಮನೆ ಉರಿಯಬಾರದು. ನಾಬ್ ತಿರುಗಿಸಿ ಆರಿಸಿ, ತಾನೊಂದು ಒಳ್ಳೆಯ ಕೆಲಸ ಮಾಡಿದೆನೆಂದು ತನ್ನ ಕಡೆಗೆ ಹೋಗಿ ಮಲಗಿದಳು. ಅತ್ತೆಯ ಮಾತುಗಳಲ್ಲಿ ಒಂದನ್ನೂ ಮೀರಿರಲಿಲ್ಲ.

ಅಕ್ಕ ಹಣ್ಣು ಹಿಡಿದು ಬರುವಷ್ಟರಲ್ಲಿ ಮಾಲೀಕರೂ ಬಾಗಿಲಿಗೆ ಬಂದಿದ್ದರು; ಓವನ್ ಆರಿದ್ದರೂ ಮಾಂಸ ಮೇಲೆ ಕೆಂಪಗೆ, ಚಂದಕ್ಕೆ ಹೊಳೆಯುತ್ತಿತ್ತಂತೆ. ಮಾಲೀಕರ ತಟ್ಟೆಗೆ ಕೊಯ್ದಾಗ ನಡುವಿನಿಂದ ರಕ್ತ ಒಸರಿತು. ಮಾಲೀಕರ ಹೆಂಡತಿ ಚಮಚ ಕೆಳಗಿಟ್ಟು, ಹಣ್ಣು ಬಹಳ ಚೆನ್ನಾಗಿದೆ ಎಂದರು. ಸೂಪರ್‌ವೈಸರ್ ಕೆಲಸ ಬೇರೊಬ್ಬಳಿಗೆ ಹೋಯಿತು. ಹಸಿ ಮಾಂಸಕ್ಕೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ ಯಾರಿಗೆ ಗೊತ್ತು. ಮನೆಯಲ್ಲಂತೂ ಅದು ತೀರ್ಮಾನವಾಗಿಹೋಗಿತ್ತು.

“ಬೇಕಂತಲೇ ಮಾಡಿದೀಯ!” ಎಂದಳು ಅಕ್ಕ, ನಡುಬಾಗಿಲಲ್ಲಿ ನಿಂತು.

ಗೊತ್ತಿರಲಿಲ್ಲ ಅಕ್ಕ, ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಬ್ಬರ ಗಂಡಂದಿರೂ, ಬೀದಿಯ ಅರ್ಧ ಜನರೂ ಅಲ್ಲಿದ್ದರು. ಬೇಕಂತಲೇ ಎಂಬ ಮಾತು ಕೇಳಿ ಇವಳ ಮೈ ಉರಿಯಿತು.

“ಹೌದು,” ಎಂದಳು. “ಬೇಕಂತಲೇ.”

*

ಗಾಡಿಯಲ್ಲಿ ಹೆಂಗಸರು ಹಿಂದಿನ ಸೀಟುಗಳಲ್ಲಿ ಕೂತರು. ಕಿರಿಸೊಸೆಯ ಪಕ್ಕ ಬಂದು ಕೂತವಳು ದಪ್ಪ ಕನ್ನಡಕದ ಹೆಂಗಸು. ಅವಳೇ ಆಗ ಸೂಪರ್‌ವೈಸರ್ ಆದವಳು, ಈಗ ನಿವೃತ್ತಿಗೆ ಹತ್ತಿರವಾಗಿದ್ದಳು. ಗಾಡಿ ಸೇತುವೆ ದಾಟಿದ ಮೇಲೆ ಇವಳ ಕಡೆ ತಿರುಗಿದಳು.

“ನೀವೇ ಅಲ್ವಾ ಮೀನಿನವರು?”

“ಹೌದು. ಯಾಕೆ, ವಾಸನೆ ಬರ್ತಿದೆಯಾ?”

“ಅಯ್ಯೋ, ಹಾಗಲ್ಲ. ನಾನು ನಿಮ್ಮ ಮೀನು ತಿಂದಿದೀನಿ.”

“ಎಲ್ಲಿ?”

“ಲಾಂಡ್ರೀಲಿ. ಸೋಮವಾರ ಸೋಮವಾರ ನಿಮ್ಮ ಅಕ್ಕ ಡಬ್ಬೀಲಿ ತರ್ತಿದ್ರು. ಬಾಲದ ಕಡೆ ತುಂಡು. ಎಲ್ಲರಿಗೂ ಒಂದೊಂದು ಚೂರು ಕಿತ್ತು ಕೊಡೋರು.” ಕನ್ನಡಕ ತೆಗೆದು ಒರೆಸಿಕೊಂಡಳು. “ಯಾರು ಮಾಡಿದ್ದು ಅಂತ ಕೇಳಿದ್ರೆ, ನನ್ನ ಓರಗಿತ್ತಿ ಮಾಡಿದ್ದು, ನಾನು ಕದ್ದಿದ್ದು, ಕದ್ದಿದ್ದಕ್ಕೇ ಇಷ್ಟು ರುಚಿ ಅಂತಿದ್ರು. ನಾವು ಬಿದ್ದು ಬಿದ್ದು ನಗ್ತಿದ್ವಿ.”

ಮುಂದಿನ ಸೀಟಿನಲ್ಲಿದ್ದ ಟೈಲರಮ್ಮ ಸರಕ್ಕನೆ ತಿರುಗಿದಳು. “ಕದ್ದಿದ್ದಾ? ಹಿರಿಸೊಸೇನಾ? ನೋಡಿದ್ರಾ, ಎಂಥ ದ್ವೇಷ! ಇವಳ ಮೀನನ್ನೂ ನೆಮ್ಮದಿಯಾಗಿ ತಿನ್ನೋಕೆ ಬಿಡ್ತಿರ್ಲಿಲ್ಲ.” ಮತ್ತೆ ಕಿರಿಸೊಸೆಯತ್ತ ಬಗ್ಗಿ, “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಸುಮ್ನಿದ್ಯಾ?”

“ಬಾಲ ತಾನೇ,” ಎಂದಳು ಕಿರಿಸೊಸೆ. “ಅದರಲ್ಲಿ ಮುಳ್ಳೇ ಜಾಸ್ತಿ.”

ಸೂಪರ್‌ವೈಸರ್ ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಕಿಟಕಿಯ ಕಡೆ ತಿರುಗಿದಳು. ಹೊರಗೆ ಒಂದು ಪೆಟ್ರೋಲ್ ಬಂಕು, ಒಂದು ಮುಚ್ಚಿದ ಚಿತ್ರಮಂದಿರ, ಬಟ್ಟೆ ಒಣಹಾಕಿದ ಮಹಡಿಗಳು ಹಿಂದೆ ಸರಿದವು. ಒಂದು ಮಹಡಿಯಲ್ಲಿ ಬಿಳಿ ಹಾಸು ಸುಕ್ಕು ಸುಕ್ಕಾಗಿ ಜೋತಿತ್ತು.

“ಅವರಾಗಿದ್ರೆ ಇದನ್ನ ನೋಡಿ ಗಾಡಿ ನಿಲ್ಸಿ ಇಳೀತಿದ್ರು,” ಎಂದಳು ಸೂಪರ್‌ವೈಸರ್.

ಮಣ್ಣು ಮಾಡುವ ಜಾಗದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಗುಂಡಿ ಸ್ವಲ್ಪ ಗಿಡ್ಡವಾಯಿತೆಂದು ಇನ್ನಷ್ಟು ಅಗೆದರು. ಅಕ್ಕನ ಮಗಳು ತಂದೆಯ ತೋಳು ಹಿಡಿದುಕೊಂಡು ನಿಂತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಬಂದವರ ಕೆಮ್ಮು, ಮಂಡಿನೋವು ಎಲ್ಲವನ್ನೂ ಆ ಹೊತ್ತಿನಲ್ಲೂ ವಿಚಾರಿಸುತ್ತಿದ್ದಳು. ಕಿರಿಸೊಸೆ ಒಂದು ಹಿಡಿ ಮಣ್ಣು ಹಾಕಿದಳು. ಮಣ್ಣು ತಣ್ಣಗಿತ್ತು.

*

ಮಾತು ನಿಂತ ಮೇಲೂ ಭಾನುವಾರಗಳು ನಿಲ್ಲಲಿಲ್ಲ. ಬೆಳಿಗ್ಗೆ ಅಕ್ಕನದು, ಅವಳದಾದ ಮೇಲೆ ಇವಳದು. ಮೊದಮೊದಲು ಇವಳು ಹೋಗುವಷ್ಟರಲ್ಲಿ ಓವನ್ ಆರಿ ಅಕ್ಕ ಒಳಗೆ ಹೋಗಿರುತ್ತಿದ್ದಳು. ಮತ್ತೆ ಹೊತ್ತಿಸಿ, ಕಾಯಿಸಿ, ಕಾಯಬೇಕು.

ಹಸಿ ಮಾಂಸದ ಗಲಾಟೆಯಾಗಿ ಒಂದೆರಡು ತಿಂಗಳಾಗಿತ್ತು. ಒಂದು ಭಾನುವಾರ ಮೀನಿನ ತಟ್ಟೆ ಹಿಡಿದು ಬಾಗಿಲು ದಾಟಿದರೆ ಅಡುಗೆಮನೆಯಲ್ಲಿ ಯಾರೂ ಇಲ್ಲ, ಓವನ್ ಉರಿಯುತ್ತಿದೆ. ಅಕ್ಕನ ಕೋಳಿ ಆಚೆ ಬಂದು ಹಲಗೆಯ ಮೇಲೆ ಬಟ್ಟೆ ಹೊದ್ದು ಕೂತಿದೆ. ಅಂದರೆ ಒಳಗೇನೂ ಇಲ್ಲ, ಸುಮ್ಮನೆ ಉರಿ.

ಚುಚ್ಚಿದ್ದು ಎಂದುಕೊಂಡಳು ಕಿರಿಸೊಸೆ. ಬಾ, ಆರಿಸು ನೋಡೋಣ, ನಿನಗೆ ಅದೇ ತಾನೇ ಬರುವುದು ಎಂದು ಹೇಳುವ ರೀತಿ. ಅವಳ ಕಿವಿ ಬಿಸಿಯಾಯಿತು. ಆರಿಸಲಿಲ್ಲ. ಸಿಟ್ಟಿನಿಂದ ತನ್ನ ಮೀನನ್ನು ಆ ಕಾವಿಗೇ ತಳ್ಳಿದಳು. ಓವನ್ ಮೊದಲೇ ಕೆಂಡದಂತಾಗಿದ್ದರಿಂದ ಚರ್ಮ ತಟ್ಟನೆ ಗರಿಗರಿಯಾಯಿತು, ಒಳಗಿನ ಮಾಂಸ ಹಾಲಿನಂತೆ ಬಿಳಿಯಾಗಿ, ಮುಟ್ಟಿದರೆ ಎಸಳೆಸಳಾಗಿ ಬಿಡಿಸಿಕೊಂಡಿತು. ಅಂಥ ಮೀನು ಅವಳ ಕೈಯಲ್ಲಿ ಅದುವರೆಗೆ ಆಗಿರಲಿಲ್ಲ. ಗಂಡ ಬೆರಳು ನೆಕ್ಕಿದ.

ಮುಂದಿನ ಭಾನುವಾರವೂ ಓವನ್ ಉರಿಯುತ್ತಿತ್ತು. ಅದರ ಮುಂದಿನ ಭಾನುವಾರವೂ. ಕೋಳಿಗೆ ಬೇಕಾದ ಉರಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು, ಮೀನಿಗೆ ಬೇಕಾದಷ್ಟು. ಕೋಳಿ ಇಳಿಸಿದ ಮೇಲೆ ಯಾರೋ ನಾಬನ್ನು ಮೇಲಕ್ಕೆ ತಿರುಗಿಸಿ ಹೋಗಿದ್ದರು.

ಒಂದು ಸಲ ಮೀನು ಒಳಗಿಟ್ಟಾಗ ಕೋಲ್ಡ್ ಸ್ಟೋರೇಜಿನಿಂದ ಕರೆ ಬಂತು. ಯಂತ್ರ ಕೆಟ್ಟಿದೆ, ಐಸು ಕರಗುತ್ತಿದೆ, ಓಡಿ ಬನ್ನಿ. ಮೀನಿನ ನೆನಪು ಬಂದಾಗ ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಮನೆಗೆ ಬಂದರೆ ನಡುಬಾಗಿಲ ಹೊಸ್ತಿಲ ಈಚೆ, ಇವಳ ಕಡೆಗೆ, ತಟ್ಟೆ ಮುಚ್ಚಿಟ್ಟು ಇತ್ತು. ಮೀನು ಸರಿಯಾಗಿ ಬೆಂದಿತ್ತು, ಬೆನ್ನಿನ ರೆಕ್ಕೆ ಎಳೆದರೆ ಸಲೀಸಾಗಿ ಕೈಗೆ ಬಂತು. ಬಾಲದ ತುಂಡು ಮಾತ್ರ ಇರಲಿಲ್ಲ.

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು, ಒದ್ದೆ ಸೀರೆಯಲ್ಲೇ, ನಕ್ಕಳು. ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದು ಗಕ್ಕನೆ ನಿಂತು, ಮತ್ತೆ ಶುರುವಾಯಿತು.

ಆಮೇಲೆ ಅವಳು ಬಾಲ ಉದ್ದವಿರುವ ಮೀನನ್ನೇ ಆರಿಸಿ ತರತೊಡಗಿದಳು. ಅಕ್ಕ ಸ್ನಾನಕ್ಕೆ ಹೋದ ಸದ್ದು ಕೇಳಿದರೆ ಒಳಗೆ ಹೋಗಿ, ಓವನ್ನಿನ ಬಾಗಿಲು ಅರ್ಧ ತೆಗೆದು, ತಟ್ಟೆಗಿಳಿದ ಕೊಬ್ಬನ್ನು ಸೌಟಿನಿಂದ ಎತ್ತಿ ಕೋಳಿಯ ಎದೆಯ ಮೇಲೆ ಸುರಿದು ಬರುತ್ತಿದ್ದಳು. ಕೋಳಿಯ ಕೆಳಗೆ ಹಾಕಿದ್ದ ಈರುಳ್ಳಿ, ಕೊಬ್ಬಿನಲ್ಲಿ ಬೆಂದು ಅಂಚು ಕರಿಕಾದ ಈರುಳ್ಳಿ, ತಟ್ಟೆಯ ಒಂದು ಮೂಲೆಯಲ್ಲಿ ಬೇರೆಯಾಗಿ ಉಳಿದಿರುತ್ತಿತ್ತು. ಅದನ್ನು ಇವಳು ತಿನ್ನುತ್ತಿದ್ದಳು. ಕೆಲವೊಮ್ಮೆ ಇಬ್ಬರೂ ಒಟ್ಟಿಗೆ ಅಲ್ಲಿರುತ್ತಿದ್ದರು. ಆಗ ಒಬ್ಬಳು ಬಗ್ಗಿದರೆ ಇನ್ನೊಬ್ಬಳು ಸರಿದು ಜಾಗ ಕೊಡುತ್ತಿದ್ದಳು, ಓಣಿಯಲ್ಲಿ ಎದುರು ಬದುರಾದ ಎರಡು ಲಾರಿಗಳ ಹಾಗೆ, ಹಾರನ್ನಿಲ್ಲದೆ.

ಗಂಡ ಒಮ್ಮೆ ಸಣ್ಣದೊಂದು ಕರೆಂಟ್ ಓವನ್ ತರುವ ಮಾತೆತ್ತಿದ. “ಆ ಮನೆ ಬಾಗಿಲು ಮೆಟ್ಟೋದೇ ಬೇಡ ನಿಂಗೆ.”

“ಯಾಕೆ ತರ್ಬೇಕು? ಅತ್ತೆ ಇಬ್ಬರಿಗೂ ಅಂತ ಬಿಟ್ಟುಹೋಗಿರೋದು. ನಮ್ಮ ಹಕ್ಕು ನಾವ್ಯಾಕೆ ಬಿಡೋದು?”

ಹೆಂಡತಿಯ ಕೆಚ್ಚು ಕಂಡು ಅವನಿಗೆ ಹೆಮ್ಮೆಯಾಯಿತು. ನಾಲ್ಕು ಜನರ ಹತ್ತಿರ ಹೇಳಿಕೊಂಡ.

*

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು ಕೂತಾಗ ಎಲ್ಲರಿಗೂ ಹಸಿವಾಗಿತ್ತು. ಹಾಗೆಂದು ಯಾರೂ ಬಾಯಿ ಬಿಡಲಿಲ್ಲ. ಅಕ್ಕನ ಮಗಳು ಫ್ರಿಜ್ ತೆಗೆದು ನಿಂತಳು. ಕೆಳಗಿನ ತಟ್ಟೆಯಲ್ಲಿ ಉಪ್ಪು ಸವರಿದ ಇಡೀ ಕೋಳಿ, ಮೇಲೆ ಏನೂ ಮುಚ್ಚದೆ, ಚರ್ಮ ಕಾಗದದಂತೆ ಒಣಗಿ ಕೂತಿತ್ತು. ಅಕ್ಕ ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಟ್ಟದ್ದು. ಸಂಜೆ ಲಾಂಡ್ರಿಯಿಂದ ಬಂದು, ಕುರ್ಚಿಯಲ್ಲಿ ಕಾಲು ಚಾಚಿ ಕೂತವಳು ಮತ್ತೆ ಏಳಲಿಲ್ಲ.

“ಏನ್ ಮಾಡೋದಪ್ಪ ಇದನ್ನ?”

“ಸುಡು,” ಎಂದರು ಪ್ಲಂಬರ್. “ಅವಳು ಇಟ್ಟಿದ್ದು ಹಾಳಾಗಬಾರ್ದು.”

“ನಾನು ಯಾವತ್ತೂ ಮಾಡಿಲ್ಲ. ಅಮ್ಮ ಹತ್ರ ಬಿಟ್ಟುಕೊಂಡ್ರೆ ತಾನೇ.” ಅವಳು ಓವನ್ನಿನ ಮುಂದೆ ಮಂಡಿಯೂರಿದಳು. “ಇದರಲ್ಲಿ ನಂಬರೇ ಇಲ್ವಲ್ಲ!”

ನಡುಬಾಗಿಲಲ್ಲಿ ಕಿರಿಸೊಸೆ ನಿಂತಿದ್ದಳು.

“ಚಿಕ್ಕಮ್ಮ,” ಎಂದಳು ಹುಡುಗಿ, ಸ್ವಲ್ಪ ಹಿಂಜರಿದು. ಸತ್ತವಳ ಅಡುಗೆಮನೆಗೆ ಶತ್ರುವನ್ನು ಕರೆಯಬಹುದೋ ಬಾರದೋ ಎಂಬಂತೆ ಒಮ್ಮೆ ತಂದೆಯ ಮುಖ ನೋಡಿದಳು. “ಎಷ್ಟು ತಿರುಗಿಸ್ಬೇಕು ಇದನ್ನ?”

“ನಾಬಿನ ಮೇಲಿರೋ ಗೆರೆ ಕೆಳಗೆ ಬರೋವರೆಗೂ. ಮೊದಲು ಜೋರಿರ್ಲಿ. ಬಣ್ಣ ಬಂದ ಮೇಲೆ ಇಳಿಸೋದು.” ಕಿರಿಸೊಸೆ ಒಳಗೆ ಬಂದು, ಎರಡನೆಯ ಡ್ರಾಯರ್ ಎಳೆದು ದಪ್ಪ ಬಟ್ಟೆ ತೆಗೆದುಕೊಂಡಳು, ಮೇಲಿನ ಗೂಡಿನಿಂದ ಉದ್ದ ಹಿಡಿಯ ಸೌಟು ತೆಗೆದುಕೊಂಡಳು, ಬುಟ್ಟಿಯಿಂದ ಈರುಳ್ಳಿ ತೆಗೆದು ಹೆಚ್ಚಿ ತಟ್ಟೆಗೆ ಹಾಸಿದಳು. ಹುಡುಗಿ ಅವಳ ಕೈಯನ್ನೇ ನೋಡುತ್ತಿದ್ದಳು.

“ಸೌಟು ಎಲ್ಲಿರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತು?”

“ನಮ್ಮ ಮೀನೂ ಇಲ್ಲೇ ಬೇಯೋದಲ್ವಾ.”

“ಮೀನಿಗೆ ಸೌಟು ಯಾಕೆ?”

“ಬಾಗಿಲು ಮುಚ್ಚು,” ಎಂದಳು ಕಿರಿಸೊಸೆ. “ಕಾವು ಹೋಗ್ತಿದೆ.”

ಕೋಳಿ ಬೇಯುವಾಗ ಮನೆಯ ಸ್ವರೂಪ ನಿಧಾನಕ್ಕೆ ಬದಲಾಯಿತು. ಮುಂದಿನ ಕೋಣೆಯಲ್ಲಿ ತಗ್ಗಿದ್ದ ದನಿಗಳು ಏರಿದವು. ಯಾರೋ ಅಕ್ಕನ ಬೈಗುಳಗಳನ್ನು ನೆನಪಿಸಿಕೊಂಡರು. ಪ್ಲಂಬರ್ ಒಮ್ಮೆ ನಲ್ಲಿ ಸೋರುತ್ತದೆಂದು ಹೆಂಡತಿ ಬೇರೆ ಪ್ಲಂಬರನ್ನು ಕರೆಸಿದ ಕತೆ ಹೇಳಿ ಎಲ್ಲರನ್ನೂ ನಗಿಸಿದರು, ತಾವೂ ನಕ್ಕರು, ನಗುವಿನ ಕೊನೆಯಲ್ಲಿ ಅತ್ತರು. ಟೈಲರಮ್ಮ ಅವರ ಬೆನ್ನು ಸವರುತ್ತ, ಕೋಳಿ ಎಷ್ಟು ಹೊತ್ತಿಗಾಗುತ್ತದೆ ಎಂದು ಅಡುಗೆಮನೆಯತ್ತ ಕತ್ತು ಚಾಚಿದಳು.

ಹುಡುಗಿಗೆ ತಾಳ್ಮೆಯಿರಲಿಲ್ಲ. ಮತ್ತೆ ಮತ್ತೆ ಬಾಗಿಲು ತೆಗೆಯುತ್ತಿದ್ದಳು. ಕಿರಿಸೊಸೆ ಎರಡು ಸಲ ಕೊಬ್ಬು ಸುರಿದಳು, ಉರಿ ಇಳಿಸಿದಳು. ಕೊನೆಗೆ ತೊಡೆಯ ಸಂದಿಯಲ್ಲಿ ಚಾಕುವಿನ ತುದಿ ಒತ್ತಿದಾಗ ಹರಿದ ರಸ ತಿಳಿಯಾಗಿತ್ತು.

“ಆಯ್ತು. ಎತ್ತು. ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಬಿಡು. ಈಗಲೇ ಕೊಯ್ದರೆ ರಸವೆಲ್ಲ ಹಲಗೆಗೇ ಹೋಗುತ್ತೆ.”

ಹುಡುಗಿ ಕೋಳಿಯನ್ನು ಹಲಗೆಗೆ ಇಳಿಸಿದಳು. ಕೈ ಒರೆಸಿಕೊಂಡಳು. ಆಮೇಲೆ, ಯಾರಾದರೂ ಮಾಡುವ ಹಾಗೆ, ಬಗ್ಗಿ ನಾಬ್ ತಿರುಗಿಸಿ ಓವನ್ ಆರಿಸಿದಳು.

ಟಕ್ ಎಂದಿತು. ಉರಿಯ ಸಣ್ಣ ಭೋರ್ಗರೆತ ನಿಂತುಹೋಯಿತು. ಅಷ್ಟು ಹೊತ್ತು ಅಂಥದೊಂದು ಸದ್ದು ಇತ್ತೆಂಬುದೇ ಅದು ನಿಂತ ಮೇಲೆ ತಿಳಿಯಿತು. ಕಬ್ಬಿಣ ತಣಿಯುವಾಗ ಆಗುವ ಟಿಣ್ ಟಿಣ್ ಸದ್ದನ್ನು ಕಿರಿಸೊಸೆ ಎಷ್ಟೋ ವರ್ಷಗಳ ಮೇಲೆ ಅಕ್ಕನ ಸರದಿಯಲ್ಲಿ ಕೇಳಿದಳು.

“ಚಿಕ್ಕಮ್ಮ? ಏನಾಯ್ತು?”

“ಏನಿಲ್ಲ. ಹೊಗೆ.”

“ಹೊಗೆ ಎಲ್ಲಿದೆ?”

ಕಿರಿಸೊಸೆ ನಲ್ಲಿಯ ಕಡೆ ತಿರುಗಿ ಸೌಟು ತೊಳೆದಳು. ತೊಳೆದಿದ್ದನ್ನೇ ಮತ್ತೆ ತೊಳೆದಳು.

ಊಟ ಅಡುಗೆಮನೆಯಲ್ಲೇ ನಡೆಯಿತು, ಕೆಲವರು ಕೂತು, ಕೆಲವರು ನಿಂತು. ಹಿರಿಸೊಸೆಯ ಕೈರುಚಿಯೇ ಬಂದಿದೆ ಎಂದು ಎಲ್ಲರೂ ಹೇಳಿದರು. ಸೂಪರ್‌ವೈಸರ್ ಮೂಳೆಯನ್ನು ಚೊಕ್ಕಟವಾಗಿ ಚೀಪಿ, ಕನ್ನಡಕ ಸರಿಮಾಡಿಕೊಂಡು, ಹೊರಟುನಿಂತಳು. ಅವಳ ಹಿಂದೆ ಬೀದಿಯವರೂ ಒಬ್ಬೊಬ್ಬರಾಗಿ ಹೊರಟರು. ಟೈಲರಮ್ಮ ಉಳಿದಳು.

ಕಿರಿಸೊಸೆಯ ಗಂಡ ಎಲ್ಲಿಂದಲೋ ಅಳತೆಯ ಟೇಪು ತಂದಿದ್ದ. ಓವನ್ನಿನ ಅಗಲಕ್ಕೆ ಹಿಡಿದ, ನಡುಬಾಗಿಲಿನ ಅಗಲಕ್ಕೆ ಹಿಡಿದ. “ಬಾಗಿಲ ಚೌಕಟ್ಟು ತೆಗೆದ್ರೆ ದಾಟುತ್ತೆ ಅನ್ಸುತ್ತೆ,” ಎಂದ, ಯಾರಿಗೂ ಅಲ್ಲವೆಂಬಂತೆ.

“ಚೌಕಟ್ಟು ಯಾಕೆ ತೆಗೀಬೇಕು,” ಎಂದರು ಪ್ಲಂಬರ್. ಗೋಡೆಗೊರಗಿ ಕೂತಿದ್ದ ಅವರ ದನಿ ದಣಿದಿತ್ತು. “ಓವನ್ನಿನ ಬಾಗಿಲು ಬಿಚ್ಚಿದ್ರೆ ಸಾಕು. ಹಿಂಜು ಎರಡೇ ಇರೋದು. ಪೈಪು ಗೋಡೆಯಾಚೆ ಎಳೆಯೋದು ಅರ್ಧ ದಿನದ ಕೆಲಸ.”

“ಆಗಲ್ಲ ಅಂತಿದ್ಯಲ್ಲೋ ಅಣ್ಣ ಇಷ್ಟು ದಿನ!”

“ನಾನೆಲ್ಲಿ ಅಂದೆ? ಅವಳು ಅನ್ನಿಸ್ತಿದ್ಲು.” ಅವರು ತಮ್ಮನ ಹೆಂಡತಿಯತ್ತ ನೋಡಿದರು. “ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೋಬೇಡಮ್ಮ, ಸತ್ತವಳ ಮೇಲೆ ಚಾಡಿ ಅಲ್ಲ ಇದು. ನಿಮ್ಮ ಕಡೆಗೊಂದು ಬೇರೆ ಲೈನ್ ಎಳೆದುಕೊಡ್ತೀನಿ, ನೀವೊಂದು ಓವನ್ ತಗೊಳ್ಳಿ, ಜಗಳ ಮುಗೀಲಿ ಅಂತ ಎಷ್ಟೋ ಸಲ ಹೇಳಿದೀನಿ. ಪೈಪು ತಂದು ಹಿತ್ತಲಲ್ಲಿ ಹಾಕಿದ್ದೆ. ಅವಳು ಅದನ್ನ ಎತ್ತಿ ಯಾರಿಗೋ ಕೊಟ್ಟೇಬಿಟ್ಲು. ಬೇಡ, ಅವಳು ಇಲ್ಲಿಗೇ ಬರ್ಲಿ ಅಂದ್ಲು. ಅಷ್ಟೊಂದು ಹಟ ನಿನ್ನ ಮೇಲೆ.”

“ಅಬ್ಬಾ!” ಎಂದಳು ಟೈಲರಮ್ಮ.

ಕಿರಿಸೊಸೆ ಓವನ್ನಿನತ್ತ ತಿರುಗಿದಳು. ಕೋಳಿಯ ತಟ್ಟೆ ಓವನ್ನಿನ ಮೇಲೆ ಖಾಲಿಯಾಗಿ ಕೂತಿತ್ತು. ಮೂಲೆಯಲ್ಲಿದ್ದ ಈರುಳ್ಳಿಯನ್ನು ಯಾರೋ ಬಾಚಿ ತಿಂದಿದ್ದರು. ಅದು ಯಾರ ಪಾಲಿನದೆಂದು ಅವರಿಗೆ ಗೊತ್ತಿರುವ ಹಾಗಿರಲಿಲ್ಲ.

“ಈಗ ಅದೆಲ್ಲ ಮುಗೀತು,” ಎಂದರು ಪ್ಲಂಬರ್. “ನಂಗೆ ಒಬ್ಬನಿಗೆ ಯಾತಕ್ಕೆ ಇಷ್ಟು ದೊಡ್ಡದು? ಮಗಳು ಅವಳ ಮನೆಗೆ ಹೋಗ್ತಾಳೆ. ನೀನು ತಗೋ. ನಾಳೆ ಬೆಳಿಗ್ಗೆನೇ ಕೆಲಸ ಶುರು ಮಾಡ್ತೀನಿ. ನಡುಬಾಗಿಲಿಗೂ ಇಟ್ಟಿಗೆ ಕಟ್ಟಿಬಿಡೋಣ, ನಿಮಗೂ ಒಂದು ಗೋಡೆ ಸಿಗುತ್ತೆ. ಇನ್ಮೇಲೆ ಯಾರ ಹಂಗೂ ಇಲ್ಲ ನಿಂಗೆ.”

“ನೋಡು,” ಎಂದ ಗಂಡ, ಹೆಂಡತಿಯ ಕಡೆ ತಿರುಗಿ, ಮುಖವರಳಿಸಿ. ಟೇಪು ಇನ್ನೂ ಅವನ ಎರಡು ಕೈಗಳ ನಡುವೆ ಬಿಗಿಯಾಗಿ ನಿಂತಿತ್ತು. “ನಾನು ಕೇಳೋದೂ ಬೇಕಾಗ್ಲಿಲ್ಲ. ಅಣ್ಣನೇ ಕೊಡ್ತಿದಾನೆ.”

“ಬೇಡ ಭಾವ.”

“ಸಂಕೋಚ ಯಾಕಮ್ಮ? ಕೊಡೋ ಮನಸ್ಸಿಂದಲೇ ಕೊಡ್ತಿದೀನಿ.”

“ಬೇಡ.”

“ಲೇ, ಏನಾಗಿದೆ ನಿಂಗೆ? ಇಷ್ಟು ವರ್ಷ ಇದಕ್ಕೇ ತಾನೇ ಬಡಿದಾಡಿದ್ದು?” ಟೇಪು ಅವನ ಕೈಯಿಂದ ಜಾರಿ ಸರ್ರನೆ ಒಳಕ್ಕೆ ಸುತ್ತಿಕೊಂಡಿತು.

ಕಿರಿಸೊಸೆ ಓವನ್ನಿನ ಬಾಗಿಲ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಅಷ್ಟೆ; ಮೀನಿಗೆ ಸಾಲುವಷ್ಟಿರಲಿಲ್ಲ.

“ಹಾಗಲ್ಲ ಚಿಕ್ಕಮ್ಮ,” ಎಂದಳು ಹುಡುಗಿ ಮೆಲ್ಲಗೆ, “ಅಮ್ಮನ ನೆನಪಿಗಾದ್ರೂ...”

“ನಂಗೆ ಬೇಡ ಅಂದೆನಲ್ಲ.”